ನೂರಕ್ಕೆ ಮೂರೂವರೆ

2024ರ ಜುಲೈ ತಿಂಗಳ ಒಂದು ಭಾನುವಾರ ಸಂಜೆ. ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ಮನೆಯ ಜಗಲಿ ಮೇಲೆ ಅಪ್ಪ ಕೂತಿದ್ದರು. ಮುಂದೆ ಒಂದು ತಟ್ಟೆ ಮಂಡಕ್ಕಿ, ಸ್ವಲ್ಪ ಈರುಳ್ಳಿ. ಮೆಣಸಿನಕಾಯಿ ಬಜ್ಜಿ ಇಲ್ಲ, ಡಾಕ್ಟರು ಬೇಡ ಅಂದಿದ್ದಾರೆ. ನಾನು ಪಕ್ಕದಲ್ಲಿ ಕೂತು ಫೋನಿನಲ್ಲಿ ಕ್ರೆಡಿಟ್ ಕಾರ್ಡಿನ ಬಿಲ್ ಕಟ್ಟುತ್ತಿದ್ದೆ.

‘ಏನು ಕಟ್ತಾ ಇದೀಯಾ?’ ಅಂದರು.

‘ಕಾರ್ಡಿಂದು.’

‘ನನ್ನ ಆಸ್ಪತ್ರೆದಾ? ಇನ್ನೂ ಮುಗಿದಿಲ್ವಾ?’

ನಾನು ಹೂಂ ಅಂದೆ. ಅಪ್ಪ ಮಂಡಕ್ಕಿ ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: ‘ನೂರಕ್ಕೆ ಎಷ್ಟು?’

ನನಗೆ ತಕ್ಷಣ ಹೇಳಲು ಆಗಲಿಲ್ಲ.

ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಸಂಬಳದ ದಿನ ಗಿರಣಿ ಗೇಟಿನ ಹತ್ತಿರ ಬಡ್ಡಿಯವರು ನಿಂತಿರುತ್ತಿದ್ದರಂತೆ. ಸಂಬಳದ ಕವರು ಒಡೆಯುವುದೇ ಅವರ ಮುಂದೆ. ಹಾಗಾಗಿ ಅಪ್ಪನಿಗೆ ಸಾಲ ಅಂದರೆ ಮೊದಲು ಬಾಯಿಗೆ ಬರುವ ಪ್ರಶ್ನೆ ಇದೊಂದೇ. ನೂರಕ್ಕೆ ತಿಂಗಳಿಗೆ ಎಷ್ಟು ರೂಪಾಯಿ? ಒಂದೂವರೆ ಅಂದರೆ ಪರವಾಗಿಲ್ಲ. ಎರಡು ಅಂದರೆ ಯೋಚನೆ ಮಾಡಬೇಕು. ಮೂರು ಅಂದರೆ ಆ ಮನೆ ಬಾಗಿಲು ತುಳಿಯಬಾರದು.

ನಾನು ಎಪಿಎಂಸಿ ಯಾರ್ಡಿನಲ್ಲಿ ಒಂದು ದಲಾಲಿ ಮಂಡಿಯ ಲೆಕ್ಕ ಬರೆಯುವವನು. ಕಿರ್ದಿ, ಖಾತೆ, ರೈತರ ಮುಂಗಡ, ಹಮಾಲಿ, ತೂಕದ ಖರ್ಚು ಎಲ್ಲ ನನ್ನ ಕೈಯಲ್ಲೇ ಬರುತ್ತದೆ. ಬೇರೆಯವರ ಬಡ್ಡಿಯನ್ನು ಪೈಸೆ ಬಿಡದೆ ಲೆಕ್ಕ ಹಾಕುತ್ತೇನೆ. ಅವತ್ತು ಒಳಗೆ ಹೋಗಿ ನನ್ನದೇ ಬಿಲ್ಲನ್ನು ಲ್ಯಾಪ್‌ಟಾಪಿನಲ್ಲಿ ತೆರೆದು, ಮೊದಲ ಸಲ ಕೊನೆಯ ಪುಟದವರೆಗೆ ಓದಿದೆ. ತಿಂಗಳಿಗೆ ಶೇಕಡಾ 3.5. ವರ್ಷಕ್ಕೆ 42. ಆ ಬಡ್ಡಿಯ ಮೇಲೆ ಮತ್ತೆ ಶೇಕಡಾ 18 ಜಿಎಸ್‌ಟಿ. ಎರಡೂ ಸೇರಿದರೆ ನೂರಕ್ಕೆ ನಾಲ್ಕು ರೂಪಾಯಿ ಹದಿಮೂರು ಪೈಸೆ.

ಹೊರಗೆ ಬಂದು ಅಪ್ಪನಿಗೆ ‘ಮೂರೂವರೆ’ ಅಂತಷ್ಟೇ ಹೇಳಿದೆ. ಜಿಎಸ್‌ಟಿ ಸೇರಿಸಿ ಹೇಳುವ ಧೈರ್ಯ ಬರಲಿಲ್ಲ. ಅವರು ಬೈಯಲಿಲ್ಲ. ‘ನಿನಗೆ ಗೊತ್ತಿರಲಿಲ್ವಾ?’ ಅಂತ ಮೆಲ್ಲಗೆ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಆ ಸಾಲ ಬಂದದ್ದು 2023ರ ಮೇ ತಿಂಗಳಲ್ಲಿ. ಅಪ್ಪನಿಗೆ ರಾತ್ರಿ ಎದೆನೋವು ಬಂತು. ಆಂಜಿಯೋಪ್ಲಾಸ್ಟಿ ಆಯಿತು. ಎಲ್ಲ ಸೇರಿ 2,10,000 ರೂಪಾಯಿ. ಕೈಯಲ್ಲಿದ್ದ ದುಡ್ಡು, ಹೆಂಡತಿಯ ಬಳೆ ಅಡವಿಟ್ಟ ದುಡ್ಡು ಸೇರಿಸಿ 90,000 ಹೊಂದಿಸಿದೆವು. ಉಳಿದ 1,20,000 ಕಾರ್ಡಿನ ಮೇಲೆ ಹೋಯಿತು. ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಅಂಥ ರಾತ್ರಿ ಹತ್ತು ನಿಮಿಷದಲ್ಲಿ ದುಡ್ಡು ಕೊಡುವವರು ಯಾರಿದ್ದಾರೆ? ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅಂತ ಆಮೇಲೆ ಹೇಳಿದ ನೆಂಟರಿದ್ದಾರೆ. ಅಪ್ಪನ ಎದೆನೋವು ಹಾಸಿಗೆ ಅಳೆದು ಬರುವುದಿಲ್ಲ.

ತಪ್ಪಾಗಿದ್ದು ಆಮೇಲೆ. ಬಿಲ್ಲಿನಲ್ಲಿ ಎರಡು ಅಂಕಿ ಇರುತ್ತವೆ ಅಲ್ವಾ? ಒಂದು ಪೂರ್ತಿ ಬಾಕಿ, ಇನ್ನೊಂದು ‘ಮಿನಿಮಮ್ ಡ್ಯೂ’, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಮೊದಲನೆಯದನ್ನು ನೋಡಿದರೆ ಹೊಟ್ಟೆ ತಳಮಳ ಆಗುತ್ತದೆ. ಎರಡನೆಯದು ಆರು ಸಾವಿರ ಚಿಲ್ಲರೆ. ಅದನ್ನು ಕಟ್ಟಿದರೆ ಯಾರೂ ಫೋನ್ ಮಾಡುವುದಿಲ್ಲ, ಲೇಟ್ ಫೀ ಬೀಳುವುದಿಲ್ಲ, ನಾವು ಸಾಲ ಹೇಗೆ ತೀರಿಸುತ್ತೇವೆ ಅಂತ ದಾಖಲೆ ಇಟ್ಟು ಸ್ಕೋರ್ ಕೊಡುವ ಸಿಬಿಲ್‌ನಲ್ಲಿ ಕಪ್ಪು ಚುಕ್ಕೆ ಬರುವುದಿಲ್ಲ. ಕಂತು ಕಟ್ಟಿದ ಹಾಗೇ ಅನಿಸುತ್ತದೆ. ನಾನು ಹದಿನಾಲ್ಕು ತಿಂಗಳು ಹಾಗೇ ಕಟ್ಟಿದೆ, ಒಂದು ದಿನವೂ ತಪ್ಪಿಸದೆ.

ಆ ರಾತ್ರಿ ಹಳೆಯ ಬಿಲ್ಲುಗಳನ್ನೆಲ್ಲ ತೆಗೆದು ಖಾತೆ ಬರೆದೆ, ರೈತರ ಖಾತೆ ಬರೆಯುವ ಹಾಗೇ. ಎಡಗಡೆ ಕಟ್ಟಿದ್ದು, ಬಲಗಡೆ ಬಡ್ಡಿ, ಕೊನೆಯಲ್ಲಿ ಬಾಕಿ. ಹದಿನಾಲ್ಕನೇ ಬಿಲ್ಲಿನ ಸಾಲು ಹೀಗಿತ್ತು: ಬಡ್ಡಿ 3,649 ರೂಪಾಯಿ, ಅದರ ಮೇಲೆ ಜಿಎಸ್‌ಟಿ 657. ನಾನು ಕಟ್ಟಿದ್ದು 5,428. ಅಸಲಿಗೆ ಹೋಗಿದ್ದು 1,122.

ಕೂಡಿಸಿದೆ. ಹದಿನಾಲ್ಕು ತಿಂಗಳಲ್ಲಿ ನನ್ನ ಕೈಯಿಂದ ಹೋದದ್ದು ಹತ್ತಿರ ಹತ್ತಿರ 81,600. ಸಾಲ ಇಳಿದದ್ದು 1,20,000ದಿಂದ 1,03,000 ಚಿಲ್ಲರೆಗೆ. ಹದಿನೇಳು ಸಾವಿರ ಮಾತ್ರ. ಹೀಗೇ ಕಟ್ಟುತ್ತಾ ಹೋದರೆ ಸಾಲ ಅರ್ಧ ಆಗಲಿಕ್ಕೇ ಐದು ವರ್ಷದ ಮೇಲೆ ಬೇಕು. ಮಿನಿಮಮ್ ಅನ್ನುವುದು ಬಾಕಿಯ ಶೇಕಡಾ 5ರ ಆಸುಪಾಸು ಇರುತ್ತದೆ. ಬಾಕಿ ಇಳಿದ ಹಾಗೆ ಅದೂ ಇಳಿಯುತ್ತದೆ. ಕಟ್ಟುವುದು ಕಡಿಮೆ ಆಗುತ್ತಾ ಹೋದ ಹಾಗೆ ಸಾಲ ಮುಗಿಯುವುದೂ ದೂರ ಹೋಗುತ್ತದೆ. ನನಗೆ ‘ಈ ತಿಂಗಳು ಸ್ವಲ್ಪ ಕಡಿಮೆ ಬಂತು’ ಅಂತ ಖುಷಿ ಆಗುತ್ತಿತ್ತು.

ಇದನ್ನು ಬ್ಯಾಂಕು ಮುಚ್ಚಿಟ್ಟಿದೆ ಅಂತ ಹೇಳಲಾರೆ. ಮಿನಿಮಮ್ ಮಾತ್ರ ಕಟ್ಟಿದರೆ ಸಾಲ ತೀರಲು ವರ್ಷಗಟ್ಟಲೆ ಹಿಡಿಯುತ್ತದೆ, ಬಡ್ಡಿಗೆ ಬಡ್ಡಿ ಸೇರುತ್ತದೆ ಅನ್ನುವ ಎಚ್ಚರಿಕೆಯನ್ನು ಪ್ರತಿ ಬಿಲ್ಲಿನಲ್ಲೂ ಹಾಕಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ನನ್ನ ಬಿಲ್ಲಿನಲ್ಲೂ ಇತ್ತು. ಮೂರನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ.

ಮರುದಿನ ಮಂಡಿಯಲ್ಲಿ ಕೂತು ಯೋಚನೆ ಮಾಡಿದೆ. ನನ್ನ ಸಂಬಳದ ಖಾತೆ ಇರುವ ಬ್ಯಾಂಕು ಒಂದು ವರ್ಷದ ಹಿಂದೆ ಇನ್ನೊಂದು ಕಾರ್ಡ್ ಕೊಟ್ಟಿತ್ತು. ಮಿತಿ 1,50,000. ಬಳಸಿರಲಿಲ್ಲ. ಆ ಬ್ಯಾಂಕಿನ ಆ್ಯಪ್‌ನಲ್ಲಿ ‘ಬ್ಯಾಲೆನ್ಸ್ ಟ್ರಾನ್ಸ್‌ಫರ್’ ಅಂತ ಒಂದು ಗುಂಡಿ ಯಾವಾಗಲೂ ಮಿನುಗುತ್ತಿತ್ತು. ಅದನ್ನು ಒತ್ತಿ ಓದಿದೆ. ಬೇರೆ ಬ್ಯಾಂಕಿನ ಕಾರ್ಡಿನ ಬಾಕಿಯನ್ನು ಇವರು ತೀರಿಸುತ್ತಾರೆ. ಆ ಮೊತ್ತ ಇವರ ಕಾರ್ಡಿಗೆ ಬರುತ್ತದೆ, ಕಡಿಮೆ ಬಡ್ಡಿಗೆ, ಕಂತಿನ ಲೆಕ್ಕದಲ್ಲಿ.

ನನಗೆ ಇದು ಅರ್ಥ ಆಗಿದ್ದು ಗೋದಾಮಿನ ಲೆಕ್ಕದಲ್ಲಿ. ದೀಪಾವಳಿ ಆಸುಪಾಸು ನಮ್ಮ ಯಾರ್ಡಿಗೆ ಮೆಕ್ಕೆಜೋಳ ಬಂದು ಬೀಳುತ್ತದೆ. ಜಾಗ ಸಾಲದೆ ವ್ಯಾಪಾರಿಗಳು ಸಿಕ್ಕ ಗೋದಾಮಿನಲ್ಲಿ, ಸಿಕ್ಕ ಬಾಡಿಗೆಗೆ ಚೀಲ ಇಡುತ್ತಾರೆ. ಆಮೇಲೆ ಕಡಿಮೆ ಬಾಡಿಗೆಯ ಗೋದಾಮು ಸಿಕ್ಕರೆ ಅಲ್ಲಿಗೆ ಸಾಗಿಸುತ್ತಾರೆ. ಸಾಗಿಸಲಿಕ್ಕೆ ಹಮಾಲಿ ಆಗುತ್ತದೆ, ಲಾರಿ ಬಾಡಿಗೆ ಆಗುತ್ತದೆ. ಅದನ್ನು ಕಳೆದು ಉಳಿತಾಯ ಇದ್ದರೆ ಮಾತ್ರ ಸಾಗಿಸಬೇಕು. ಇನ್ನೊಂದು ಮಾತು. ಐನೂರು ಚೀಲ ಇಲ್ಲಿಂದ ಹೊರಟರೆ ಅಲ್ಲಿ ಇಳಿಯುವುದೂ ಐನೂರೇ ಚೀಲ. ಜೋಳ ಮಾರಿ ಹೋಗುವವರೆಗೆ ಬಾಡಿಗೆ ನಿಲ್ಲುವುದಿಲ್ಲ.

ಗೋದಾಮು ಬದಲಿಸಿದ್ದನ್ನೇ ಜೋಳ ಮಾರಿದ್ದು ಅಂತ ತಿಳಿದುಕೊಳ್ಳುವವರು ತುಂಬಾ ಜನ. ಹಳೆಯ ಕಾರ್ಡಿನ ಬಾಕಿ ಸೊನ್ನೆ ತೋರಿಸಿದ ದಿನ ಸಾಲವೇ ತೀರಿತು ಅನಿಸುತ್ತದೆ. ನನಗೂ ಒಂದು ಗಳಿಗೆ ಹಾಗೇ ಅನಿಸಿತ್ತು.

ಹಮಾಲಿಯ ಲೆಕ್ಕಕ್ಕೆ ಬರುತ್ತೇನೆ. ಆ ಬ್ಯಾಂಕಿಗೆ ಫೋನ್ ಮಾಡಿದೆ, ಅಲ್ಲಿನ ಹುಡುಗಿ ತುಂಬಾ ಸೌಜನ್ಯದಿಂದ ಮಾತಾಡಿದಳು. ಎರಡು ಯೋಜನೆ ಹೇಳಿದಳು. ಒಂದು, ಅರವತ್ತು ದಿನ ಸೊನ್ನೆ ಬಡ್ಡಿ. ಇನ್ನೊಂದು, ಹನ್ನೆರಡು ಕಂತು, ತಿಂಗಳಿಗೆ ಶೇಕಡಾ 1.5. ಎರಡಕ್ಕೂ ಶೇಕಡಾ 2 ಪ್ರೊಸೆಸಿಂಗ್ ಫೀ. ಸೊನ್ನೆ ಅನ್ನುವ ಮಾತು ಕೇಳಲು ಹಿತವಾಗಿರುತ್ತದೆ. ಅಮೆರಿಕದ ವಿಡಿಯೋ ನೋಡಿದ ನಮ್ಮ ಹುಡುಗರು ‘ಒಂದೂವರೆ ವರ್ಷ ಸೊನ್ನೆ ಬಡ್ಡಿ ಸಿಗುತ್ತಲ್ಲ’ ಅಂತ ಕೇಳುತ್ತಾರೆ. ಅದು ಅಲ್ಲಿನ ಮಾತು. ನಮ್ಮಲ್ಲಿ ಸೊನ್ನೆ ಬಡ್ಡಿ ಅಂದರೆ ಸಾಮಾನ್ಯವಾಗಿ ಎರಡು ಮೂರು ತಿಂಗಳು. ಅಷ್ಟರಲ್ಲಿ ಪೂರ್ತಿ ತೀರಿಸದಿದ್ದರೆ ಉಳಿದದ್ದಕ್ಕೆ ಮತ್ತೆ ಕಾರ್ಡಿನ ಮಾಮೂಲಿ ಬಡ್ಡಿ. ಚೀಟಿ ಎತ್ತುವ ದಿನ ಹತ್ತಿರ ಇದೆ, ಅಡಿಕೆ ದುಡ್ಡು ಮುಂದಿನ ತಿಂಗಳು ಬರುವುದು ಗ್ಯಾರಂಟಿ ಅನ್ನುವವರಿಗೆ ಅದು ಒಳ್ಳೆಯದು. ನನ್ನಂಥ ತಿಂಗಳ ಸಂಬಳದವನಿಗೆ ಅಲ್ಲ.

ನಾನು ಅವಳಿಗೆ ಕೇಳಿದ ಮೊದಲ ಪ್ರಶ್ನೆ: ಈ ಒಂದೂವರೆ ಫ್ಲ್ಯಾಟಾ, ಇಳಿಯುವ ಬಾಕಿಯ ಮೇಲಾ? ಇದನ್ನು ಎಲ್ಲರೂ ಕೇಳಲೇಬೇಕು. ಒಂದು ಲಕ್ಷಕ್ಕೆ ತಿಂಗಳಿಗೆ 1 ಪರ್ಸೆಂಟ್ ಫ್ಲ್ಯಾಟ್ ಅಂದರೆ ವರ್ಷಕ್ಕೆ ಹನ್ನೆರಡು ಸಾವಿರ ಬಡ್ಡಿ, ಕಡಿಮೆ ಅನಿಸುತ್ತದೆ. ಆದರೆ ಆರನೇ ತಿಂಗಳಿಗೆ ಅರ್ಧ ಅಸಲು ತೀರಿದ್ದರೂ ಬಡ್ಡಿ ಪೂರ್ತಿ ಲಕ್ಷಕ್ಕೇ ಬೀಳುತ್ತಿರುತ್ತದೆ. ನಿಜವಾದ ಲೆಕ್ಕದಲ್ಲಿ ಅದು ತಿಂಗಳಿಗೆ 1.8ರ ಹತ್ತಿರ. ಹಾಗಾಗಿ ಇಳಿಯುವ ಬಾಕಿಯ ಮೇಲಿನ ಒಂದೂವರೆ, ಫ್ಲ್ಯಾಟ್ ಒಂದಕ್ಕಿಂತ ಅಗ್ಗ. ಎಷ್ಟು ಜನ ಇಲ್ಲಿ ಮೋಸ ಹೋಗುತ್ತಾರೋ ಅಂತ ನನಗೆ ಸಂಕಟ ಆಗುತ್ತದೆ. ನಮ್ಮ ಊರಿನಲ್ಲಿ ನೂರಕ್ಕೆ ಇಷ್ಟು ಅಂದರೆ ಉಳಿದ ಅಸಲಿನ ಮೇಲೆ ಅಂತಲೇ ಅರ್ಥ. ಅದೇ ನಂಬಿಕೆಯಲ್ಲಿ ಫೋನಿನಲ್ಲೂ ಹೂಂ ಅಂದುಬಿಡುತ್ತೇವೆ.

ಅವಳು ಇಳಿಯುವ ಬಾಕಿಯ ಮೇಲೆ ಅಂದಳು. ಮಧ್ಯದಲ್ಲಿ ದುಡ್ಡು ಬಂದರೆ ಒಟ್ಟಿಗೆ ಕಟ್ಟಬಹುದಾ ಅಂದೆ, ಉಳಿದ ಅಸಲಿನ ಮೇಲೆ ಶೇಕಡಾ 3 ಆಗುತ್ತದೆ ಅಂದಳು. ಮಿತಿಯ ಶೇಕಡಾ 75ರವರೆಗೆ ಸಾಗಿಸಬಹುದು ಅಂದಳು, ಅಂದರೆ 1,12,500. ಎಲ್ಲವನ್ನೂ ಇಮೇಲ್‌ನಲ್ಲಿ ಕಳಿಸಿ ಅಂದೆ. ಓದಿ, ಲೆಕ್ಕ ಹಾಕಿ, ಎರಡು ದಿನ ಬಿಟ್ಟು ಆ್ಯಪ್‌ನಲ್ಲೇ ಅರ್ಜಿ ಹಾಕಿದೆ. ಫೋನಿನಲ್ಲಿ ಒಟಿಪಿ ಕೇಳುವವರು, ಕಾರ್ಡಿನ ಹಿಂದಿನ ಮೂರು ಅಂಕಿ ಕೇಳುವವರು ಯಾರೇ ಆಗಲಿ ಬ್ಯಾಂಕಿನವರಲ್ಲ. ಅಂಥವರಿಗೆ ಕೊಟ್ಟು ದುಡ್ಡು ಹೋಯಿತು ಅಂದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಸರಿಯಾಗಿ ಒಂದು ಲಕ್ಷ ಸಾಗಿಸಿದೆ. ಮೇಲಿನ ಮೂರು ಸಾವಿರ ಚಿಲ್ಲರೆ ಕೈಯಿಂದ ಕಟ್ಟಿದೆ. ಲೆಕ್ಕ ಹೀಗೆ: ತಿಂಗಳ ಕಂತು 9,168. ಹನ್ನೆರಡು ತಿಂಗಳ ಬಡ್ಡಿ 10,016. ಆ ಬಡ್ಡಿಯ ಮೇಲೆ ಜಿಎಸ್‌ಟಿ 1,803. ಪ್ರೊಸೆಸಿಂಗ್ ಫೀ ಜಿಎಸ್‌ಟಿ ಸೇರಿ 2,360. ಒಟ್ಟು ಖರ್ಚು 14,179. ಜಿಎಸ್‌ಟಿ ಹಿಡಿದು ತಿಂಗಳಿಗೆ ಸರಾಸರಿ 9,300 ಚಿಲ್ಲರೆ ಕಟ್ಟಬೇಕು.

ಇಲ್ಲಿ ನನಗೆ ಒಂದು ಯೋಚನೆ ಬಂತು. ಅದನ್ನು ಹೇಳಲಿಕ್ಕೇ ಇದನ್ನೆಲ್ಲ ಬರೆಯುತ್ತಿರುವುದು. ಅದೇ 9,300 ರೂಪಾಯಿಯನ್ನು ಹಳೆಯ ಕಾರ್ಡಿಗೇ, ಅದೇ ಮೂರೂವರೆ ಬಡ್ಡಿಗೇ ಕಟ್ಟಿದ್ದರೆ ಏನಾಗುತ್ತಿತ್ತು? ಪೆನ್ಸಿಲ್ ಹಿಡಿದು ತಿಂಗಳು ತಿಂಗಳಾಗಿ ಬರೆದೆ. ಹದಿನೈದನೇ ತಿಂಗಳಿಗೆ ಆ ಒಂದು ಲಕ್ಷ ತೀರುತ್ತಿತ್ತು. ಬಡ್ಡಿ 35 ಸಾವಿರದ ಹತ್ತಿರ ಹೋಗುತ್ತಿತ್ತು. ಅಂದರೆ ಸಾಗಿಸಿದ್ದರಿಂದ ನನಗೆ ಉಳಿದದ್ದು ಇಪ್ಪತ್ತು ಸಾವಿರ ಚಿಲ್ಲರೆ. ನಮ್ಮ ಮನೆಗೆ ಅದು ದೊಡ್ಡ ಮೊತ್ತ, ಬೇಡ ಅನ್ನಲಾರೆ. ಆದರೆ ಮಿನಿಮಮ್ ಕಟ್ಟುತ್ತಾ ಹೋಗಿದ್ದರೆ ಐದು ವರ್ಷ ಕಳೆದರೂ ಅರ್ಧ ಆಗದಿದ್ದ ಸಾಲ, ಹದಿನೈದು ತಿಂಗಳಿಗೆ ಇಳಿದದ್ದು ಬರೀ ಕಟ್ಟುವ ಮೊತ್ತ ಬದಲಾದದ್ದರಿಂದ. ಬ್ಯಾಲೆನ್ಸ್ ಟ್ರಾನ್ಸ್‌ಫರ್ ಕೊನೆಯ ಮೂರು ತಿಂಗಳನ್ನು ಕತ್ತರಿಸಿತು ಅಷ್ಟೇ.

ಈ ಯೋಜನೆಯನ್ನು ಹೊಗಳುವವರು ಬಡ್ಡಿ ಎಷ್ಟು ಕಡಿಮೆ ಅಂತ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದರ ದೊಡ್ಡ ಉಪಕಾರ ಬೇರೆ. ಅದು ಕಂತನ್ನು ಗಟ್ಟಿ ಮಾಡಿತು. 9,168 ಅಂದರೆ 9,168. ಈ ತಿಂಗಳು ಕಷ್ಟ, ಮಿನಿಮಮ್ ಕಟ್ಟೋಣ ಅಂದರೂ ಆಗುವುದಿಲ್ಲ, ಪೂರ್ತಿ ಕಂತೇ ಮಿನಿಮಮ್ ಒಳಗೆ ಸೇರಿ ಬರುತ್ತದೆ.

ಆ 9,300 ಎಲ್ಲಿಂದ ತರುವುದು? ನಾನು ಅಲ್ಲಿಯವರೆಗೆ ಕಟ್ಟುತ್ತಿದ್ದದ್ದು ಐದು ಸಾವಿರದ ನಾನೂರು. ಇನ್ನೂ ನಾಲ್ಕು ಸಾವಿರ ಬೇಕು. ಹೆಂಡತಿ, ನಾನು ಇಬ್ಬರೂ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಬರೆದೆವು. ದಿನಕ್ಕೆ ಐವತ್ತು ರೂಪಾಯಿ ಪಿಗ್ಮಿ ಕಟ್ಟುತ್ತಿದ್ದೆ. ಪಿಗ್ಮಿ ನಮ್ಮ ಕರ್ನಾಟಕದ್ದೇ, 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು. ಸಣ್ಣ ಜನರಿಗೆ ಉಳಿತಾಯ ಕಲಿಸಿದ ಪದ್ಧತಿ, ನನಗೆ ಅದರ ಮೇಲೆ ತುಂಬಾ ಗೌರವ. ಆದರೆ ಪಿಗ್ಮಿಗೆ ಬರುವುದು ವರ್ಷಕ್ಕೆ ನೂರಕ್ಕೆ ಮೂರೋ ನಾಲ್ಕೋ ರೂಪಾಯಿ. ಕಾರ್ಡಿಗೆ ಹೋಗುವುದು ತಿಂಗಳಿಗೆ ಮೂರೂವರೆ. ಎರಡನ್ನೂ ಒಟ್ಟಿಗೆ ನಡೆಸುವುದು ತಪ್ಪು ಅಂತ ಆ ದಿನ ಗೊತ್ತಾಯಿತು. ಪಿಗ್ಮಿ ನಿಲ್ಲಿಸಿದೆ. ತಿಂಗಳಿಗೆ 1,500 ಸಿಕ್ಕಿತು. ಕಾರ್ಡಿಗೆ ಕೈಯಿಂದ ಕಟ್ಟಿದ ಮೂರು ಸಾವಿರವೂ ಪಿಗ್ಮಿಯದ್ದೇ.

ಎರಡು ಸಾವಿರದ ಒಂದು ಚೀಟಿ ಆ ತಿಂಗಳೇ ಮುಗಿಯುತ್ತಿತ್ತು, ಹೊಸದಕ್ಕೆ ಸೇರಲಿಲ್ಲ. ಉಳಿದ ನಾನೂರು ಐನೂರನ್ನು ಹೆಂಡತಿ ರವಿಕೆ ಹೊಲಿದ ದುಡ್ಡಿನಲ್ಲಿ ಕೊಡುತ್ತೇನೆ ಅಂದಳು. ಅವಳ ಮಷೀನಿನ ಡ್ರಾಯರಿನಲ್ಲಿ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ ಇದೆ. ಪ್ರತಿ ತಿಂಗಳು ಮೂರನೇ ತಾರೀಖು ಅದನ್ನು ನನ್ನ ಮುಂದೆ ಬೋರಲು ಹಾಕುತ್ತಿದ್ದಳು. ಹತ್ತು, ಇಪ್ಪತ್ತರ ನೋಟುಗಳು, ಅವುಗಳ ಮಧ್ಯೆ ದಾರದ ತುಂಡುಗಳು. ನಾನು ನೋಟು ಬಿಡಿಸಿ ಎಣಿಸುತ್ತಿದ್ದೆ, ಅವಳು ದಾರ ಆರಿಸುತ್ತಿದ್ದಳು.

ಬಂಗಾರ ಮನೆಯಲ್ಲಿದ್ದರೆ ಮೊದಲು ಬಂಗಾರದ ಸಾಲದ ಕಡೆ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬ್ಯಾಂಕಿನಲ್ಲಿ ಅದು ವರ್ಷಕ್ಕೆ ನೂರಕ್ಕೆ ಹತ್ತರ ಆಸುಪಾಸಿಗೆ ಸಿಗುತ್ತದೆ, ಅಂದರೆ ತಿಂಗಳಿಗೆ ಒಂದು ರೂಪಾಯಿಯೂ ಇಲ್ಲ. ನಾನು ನೋಡಿದ ಯಾವ ಬ್ಯಾಲೆನ್ಸ್ ಟ್ರಾನ್ಸ್‌ಫರೂ ಅದರ ಹತ್ತಿರ ಬರುವುದಿಲ್ಲ. ಬಳೆ ಅಡವಿಡುವುದು ಅವಮಾನ, ಕಾರ್ಡಿನ ಸಾಲ ಯಾರಿಗೂ ಕಾಣುವುದಿಲ್ಲ ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ಆ ಮರ್ಯಾದೆಗೆ ನೂರಕ್ಕೆ ಮೂರು ರೂಪಾಯಿ ಜಾಸ್ತಿ ಕೊಡುತ್ತಿದ್ದೇವೆ. ನಮ್ಮ ಮನೆಯ ಬಳೆ ಆಗಲೇ ಆಸ್ಪತ್ರೆಗೆ ಹೋಗಿತ್ತು, ಇಲ್ಲದಿದ್ದರೆ ನಾನೂ ಅದೇ ದಾರಿ ಹಿಡಿಯುತ್ತಿದ್ದೆ.

ಸಾಗಿಸುವಾಗ ಎರಡು ಕಡೆ ಕಾಲು ಜಾರುವ ಸಾಧ್ಯತೆ ಇತ್ತು. ಹೊಸ ಬ್ಯಾಂಕಿನ ದುಡ್ಡು ಹಳೆಯ ಕಾರ್ಡಿಗೆ ತಲುಪಲು ನಾಲ್ಕೈದು ದಿನ ಬೇಕಾಯಿತು. ಅಷ್ಟರೊಳಗೆ ಹಳೆಯ ಬಿಲ್ಲಿನ ಕೊನೆಯ ದಿನ ಬಂದಿದ್ದರೆ ಲೇಟ್ ಫೀ ಬೀಳುತ್ತಿತ್ತು. ಹಾಗಾಗಿ ಆ ತಿಂಗಳ ಮಿನಿಮಮ್ ಕಟ್ಟಿಯೇ ಅರ್ಜಿ ಹಾಕಿದ್ದೆ. ಇನ್ನೊಂದು, ಹಳೆಯ ಕಾರ್ಡಿನ ಬಾಕಿ ಸೊನ್ನೆ ಆದಮೇಲೂ ಮುಂದಿನ ತಿಂಗಳು ಒಂದು ಬಿಲ್ ಬಂತು. ಬಿಲ್ ತಯಾರಾದ ದಿನದಿಂದ ದುಡ್ಡು ತಲುಪಿದ ದಿನದವರೆಗಿನ ಬಡ್ಡಿ ಅದು. ದೊಡ್ಡ ಮೊತ್ತ ಏನಲ್ಲ. ಆದರೆ ಮುಗಿಯಿತು ಅಂತ ಆ ಕಾರ್ಡಿನ ಮೆಸೇಜ್ ನೋಡದೆ ಬಿಟ್ಟಿದ್ದರೆ ಸಣ್ಣ ಬಾಕಿಗೆ ಸಿಬಿಲ್ ಕೆಡುತ್ತಿತ್ತು.

ಅದನ್ನೂ ಕಟ್ಟಿ, ಹಳೆಯ ಕಾರ್ಡನ್ನು ಮುಚ್ಚಲು ಬರೆದು ಕಳಿಸಿದೆ. ಗೆಳೆಯರು ಬೇಡ ಅಂದರು. ಹಳೆಯ ಕಾರ್ಡ್ ಇದ್ದರೆ ಸ್ಕೋರ್ ಚೆನ್ನಾಗಿರುತ್ತದೆ, ಮಿತಿ ಜಾಸ್ತಿ ಕಾಣುತ್ತದೆ ಅಂದರು. ಅದು ನಿಜವೇ. ಆದರೆ ಖಾಲಿ ಗೋದಾಮು ಕಂಡರೆ ಚೀಲ ತುಂಬುವ ಮನಸ್ಸಾಗುತ್ತದೆ. ಎರಡೂ ಕಾರ್ಡಿನಲ್ಲಿ ಸಾಲ ಮಾಡಿಕೊಂಡವರನ್ನು ನೋಡಿದ್ದೇನೆ, ಅವರೆಲ್ಲರೂ ಮೊದಲು ಒಂದನ್ನು ಖಾಲಿ ಮಾಡಿದವರೇ. ಸ್ಕೋರ್ ನಾಲ್ಕು ಅಂಕ ಇಳಿದರೆ ಇಳಿಯಲಿ ಅಂದುಕೊಂಡೆ. ಬಾಕಿ ಇಲ್ಲದ ಕಾರ್ಡನ್ನು ಮುಚ್ಚಿ ಅಂತ ಕೇಳಿದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಕೊಡಬೇಕು ಅನ್ನುವ ನಿಯಮವನ್ನು ರಿಸರ್ವ್ ಬ್ಯಾಂಕು 2022ರಲ್ಲಿ ತಂದಿದೆ. ಆ ಸಾಲನ್ನು ಇಮೇಲ್‌ನಲ್ಲಿ ಸೇರಿಸಿದ್ದೆ. ಆರನೇ ದಿನ ಮುಚ್ಚಿದರು.

ಹೊಸ ಕಾರ್ಡನ್ನು ಪರ್ಸಿನಿಂದ ತೆಗೆದು ಬೀರುವಿನಲ್ಲಿ ಅಪ್ಪನ ಆಸ್ಪತ್ರೆ ಫೈಲಿನೊಳಗೆ ಇಟ್ಟೆ. ಹನ್ನೆರಡು ತಿಂಗಳು ಅದರ ಮೇಲೆ ಒಂದು ಲೀಟರ್ ಪೆಟ್ರೋಲೂ ಹಾಕಿಸಲಿಲ್ಲ. ಕಾರಣ ಇದೆ. ಕಾರ್ಡಿನಲ್ಲಿ ನಲವತ್ತು ಐವತ್ತು ದಿನ ಬಡ್ಡಿ ಇಲ್ಲ ಅನ್ನುವುದು ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಮಾತ್ರ. ಬಾಕಿ ಉಳಿಸಿಕೊಂಡವನು ಹೊಸದಾಗಿ ಏನು ಕೊಂಡರೂ ಕೊಂಡ ದಿನದಿಂದಲೇ ಬಡ್ಡಿ ಶುರು. ಹಳೆಯ ಕಾರ್ಡಿನಲ್ಲಿ ಒಮ್ಮೆ ಐನೂರು ರೂಪಾಯಿ ಪೆಟ್ರೋಲ್ ಹಾಕಿಸಿದ್ದೆ, ಅದಕ್ಕೂ ಬಡ್ಡಿ ಹತ್ತಿದ್ದನ್ನು ಖಾತೆ ಬರೆದ ರಾತ್ರಿಯೇ ಗಮನಿಸಿದ್ದು.

2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂತು. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇಕಡಾ 30 ಮೀರಬಾರದು ಅಂತ ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹೇಳಿದ್ದನ್ನು ಕೋರ್ಟು ರದ್ದು ಮಾಡಿತು. ಮಂಡಿಯಲ್ಲಿ ಪೇಪರ್ ಓದುತ್ತಾ ಈ ಸುದ್ದಿ ನೋಡಿದಾಗ ನನಗೆ ಐದನೇ ಕಂತಿನ ಮೆಸೇಜ್ ಬಂದಿತ್ತು. ಮೇಲಿಂದ ಯಾರೋ ಮಿತಿ ಹಾಕಿ ಕಾಪಾಡುತ್ತಾರೆ ಅಂತ ಕಾಯುವಂತಿಲ್ಲ. ಅಪ್ಪ ಕೇಳಿದ ಪ್ರಶ್ನೆಯನ್ನು ಕೇಳಿಕೊಂಡೇ ಇರಬೇಕು.

ಇನ್ನೊಂದು ವಿಷಯ ಬರೆಯದೆ ಇರಲಾರೆ. ಪೇಟೆಗಳಲ್ಲಿ ಈಗ ‘ಕಾರ್ಡ್ ರೊಟೇಷನ್’ ಅಂತ ಒಂದು ದಂಧೆ ಇದೆ. ಸ್ವೈಪ್ ಮಷೀನ್ ಇಟ್ಟುಕೊಂಡವರು ನಿಮ್ಮ ಬಿಲ್ಲನ್ನು ತಮ್ಮ ದುಡ್ಡಿನಲ್ಲಿ ಕಟ್ಟುತ್ತಾರೆ. ಐದು ನಿಮಿಷ ಬಿಟ್ಟು ಏನೋ ಸಾಮಾನು ಮಾರಿದ ಹಾಗೆ ಅಷ್ಟನ್ನೇ ನಿಮ್ಮ ಕಾರ್ಡಿನಿಂದ ಎಳೆದುಕೊಳ್ಳುತ್ತಾರೆ. ನೂರಕ್ಕೆ ಎರಡೋ ಮೂರೋ ರೂಪಾಯಿ ಅವರ ಕಮಿಷನ್. ಬಾಕಿ ಅಷ್ಟೇ ಇರುತ್ತದೆ, ಬಿಲ್ ಕಟ್ಟಿದ ಹಾಗೆ ಕಾಣುತ್ತದೆ. ಇದನ್ನೂ ‘ಬ್ಯಾಲೆನ್ಸ್ ಟ್ರಾನ್ಸ್‌ಫರ್ ಇದ್ದ ಹಾಗೇ’ ಅಂತ ಹೇಳಿ ಹುಡುಗರನ್ನು ಒಪ್ಪಿಸುತ್ತಾರೆ. ಇದು ಕಾರ್ಡಿನ ಷರತ್ತಿಗೆ ವಿರುದ್ಧ. ಬ್ಯಾಂಕಿಗೆ ಗೊತ್ತಾದರೆ ಕಾರ್ಡನ್ನೇ ನಿಲ್ಲಿಸಬಹುದು, ಆಗ ಪೂರ್ತಿ ಬಾಕಿ ಒಮ್ಮೆಲೇ ಕುತ್ತಿಗೆಗೆ ಬರುತ್ತದೆ. ಎರಡು ವರ್ಷ ಹೀಗೆ ತಿರುಗಿಸಿದವನ ಅಸಲು ಒಂದು ರೂಪಾಯಿ ಇಳಿದಿರುವುದಿಲ್ಲ. ದಯವಿಟ್ಟು ಆ ಅಂಗಡಿ ಮೆಟ್ಟಿಲು ಹತ್ತಬೇಡಿ.

ನಮ್ಮ ಪಕ್ಕದ ಮಂಡಿಯಲ್ಲಿ ತೂಕ ಬರೆಯುವ ಒಬ್ಬ ಹುಡುಗ ಇದ್ದಾನೆ. ಸಂಬಳ 19,000. ತಂಗಿಯ ಮದುವೆಗೆ ಕಾರ್ಡಿನಲ್ಲಿ ಬಟ್ಟೆ, ಪಾತ್ರೆ ತಂದು 48,000 ಬಾಕಿ ಮಾಡಿಕೊಂಡಿದ್ದ. ಅವನೂ ರೊಟೇಷನ್‌ಗೆ ಹೋಗಲು ಹೊರಟಿದ್ದ. ನನ್ನ ಹನ್ನೆರಡನೇ ಕಂತು ಮುಗಿದ ವಾರ, 2025ರ ಆಗಸ್ಟಿನಲ್ಲಿ, ನನ್ನ ಹತ್ತಿರ ಬಂದು ‘ಅಣ್ಣ, ನೀವು ಮಾಡಿದ್ದು ನನಗೂ ಮಾಡಿಕೊಡಿ’ ಅಂದ. ಅರ್ಜಿ ಹಾಕಿದೆವು. ಹೊಸ ಕಾರ್ಡ್ ಕೊಡಲು ಆಗುವುದಿಲ್ಲ ಅಂತ ಉತ್ತರ ಬಂತು. ಎರಡು ಸಲ ಬಿಲ್ ತಡ ಮಾಡಿದ್ದ, ಸ್ಕೋರ್ 640.

ಬ್ಯಾಲೆನ್ಸ್ ಟ್ರಾನ್ಸ್‌ಫರ್ ಬಗ್ಗೆ ನನ್ನ ದೊಡ್ಡ ಬೇಸರ ಇದೇ. ಸ್ಕೋರ್ ಚೆನ್ನಾಗಿದ್ದವರನ್ನು ಅದೇ ಹುಡುಕಿಕೊಂಡು ಬರುತ್ತದೆ. ನಿಜವಾಗಿ ಮುಳುಗುತ್ತಿರುವವನು ಕೈ ಚಾಚಿದರೆ ಸಿಗುವುದಿಲ್ಲ. ಇನ್ನೂ ನಾಲ್ಕು ಕಡೆ ಹಾಕೋಣ ಅಂದ. ಬೇಡ ಅಂದೆ, ಪ್ರತಿ ಅರ್ಜಿಗೂ ಸ್ಕೋರ್ ಇನ್ನಷ್ಟು ಇಳಿಯುತ್ತದೆ. ಅವನ ಕಾರ್ಡಿನ ಬ್ಯಾಂಕಿಗೇ ಫೋನ್ ಮಾಡಿಸಿದೆ. ಬಾಕಿ ಪೂರ್ತಿ ಕಂತು ಮಾಡಿಕೊಡಿ ಅಂತ ಕೇಳು ಅಂದೆ. ಮೊದಲ ದಿನ ಇಲ್ಲ ಅಂದರು. ಇಮೇಲ್ ಬರೆದೆವು. ಹತ್ತನೇ ದಿನ ಒಪ್ಪಿದರು. ಹದಿನೆಂಟು ಕಂತು, ವರ್ಷಕ್ಕೆ ಶೇಕಡಾ 20, ಇಳಿಯುವ ಬಾಕಿಯ ಮೇಲೆ. ಕಂತು 3,109, ಜಿಎಸ್‌ಟಿ ಬೇರೆ.

ಅವನು ತೂಕದ ಚೀಟಿಯ ಹಿಂದೆ ಹದಿನೆಂಟು ಗೆರೆ ಎಳೆದು, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದಾನೆ. ಕಂತು ಕಟ್ಟಿದ ದಿನ ಒಂದು ಗೆರೆಗೆ ಅಡ್ಡ ಹಾಕುತ್ತಾನೆ. ಮೊನ್ನೆ ಮಧ್ಯಾಹ್ನ ಜೋಳದ ಲಾರಿ ಇಳಿಯುವ ಗದ್ದಲದಲ್ಲಿ ಓಡಿ ಬಂದು ಫೋನ್ ನನ್ನ ಮುಖಕ್ಕೆ ಹಿಡಿದ. ‘ಅಣ್ಣ, ಈ ಸಲ ಅಸಲಿಗೆ ಎರಡು ಸಾವಿರದ ಮುನ್ನೂರು ಚಿಲ್ಲರೆ ಹೋಗಿದೆ ನೋಡಿ.’ ಬೆವರಿದ ಕೈ, ಪರದೆ ತುಂಬಾ ಜೋಳದ ಧೂಳು. ಅಂಗಿಯ ತುದಿಯಿಂದ ಒರೆಸಿ ನೋಡಿದೆ. ಸರಿಯಾಗಿತ್ತು.